ಮೇಲೆ ಹುಡೇವು, ಕೆಳಗೆ ಹಗೇವು

ಕಲಬುರಗಿಯಿಂದ ಜೇವರ್ಗಿಯ ದಾರಿ ಹಿಡಿದು ಸುಮಾರು 28 ಕಿಲೋಮೀಟರ್ ಸಾಗಿದರೆ, ಕಟ್ಟಿಸಂಗಾವಿ ಸೇತುವೆಗೆ ಸಮೀಪದಲ್ಲಿ, ಭೀಮಾ ನದಿಯ ದಂಡೆಗೆ ಫಿರೋಜಾಬಾದ್ ಇದೆ. ಇಲ್ಲೊಂದು ಅರಮನೆಯ ನಗರವಿತ್ತೆಂಬ ಸುಳಿವು ಹೆದ್ದಾರಿಯಲ್ಲಿ ಓಡುವ ಬಸ್ಸಿನ ಪ್ರಯಾಣಿಕರಿಗೆ ಸುಲಭವಾಗಿ ಸಿಗುವುದಿಲ್ಲ. ದಾರಿ ಬಿಟ್ಟು ಒಳಗೆ ನಡೆದವರಿಗೆ ಕಲ್ಲಿನ ದಪ್ಪ ಗೋಡೆ, ದುಂಡು ಕೊತ್ತಲ, ಕಮಾನಿನ ಬಾಗಿಲು ಒಂದೊಂದಾಗಿ ಎದುರಾಗುತ್ತವೆ. ಆದರೆ ಬಾಗಿಲು ದಾಟಿದ ಮೇಲೆ ಕಾಣುವುದು ರಾಜಬೀದಿಯಲ್ಲ, ಬೇಸಾಯದ ಹೊಲ. ಅರಸನ ಕುದುರೆಗಳು ನಿಂತಿದ್ದ ನೆಲದಲ್ಲಿ ಈಗ ರೈತನ ಎತ್ತು, ಟ್ರ್ಯಾಕ್ಟರು ನಡೆಯುತ್ತವೆ.

ಇಂಥ ಕೋಟೆಯನ್ನು ನೋಡಲು ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಕಟ್ಟಿಸಿದವರು ಯಾರು, ಯಾವಾಗ, ಬಿದ್ದದ್ದು ಹೇಗೆ? ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ. ದಂಡು ಬಂದಾಗ ಅರಸನೂ ಅವನ ಪರಿವಾರವೂ ಕೋಟೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೋಟೆಯ ಹೊರಗಿದ್ದ ನೂರಾರು ಹಳ್ಳಿಗಳ ಜನ ಎಲ್ಲಿ ಸೇರುತ್ತಿದ್ದರು?

ಇದಕ್ಕೆ ಉತ್ತರ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲೇ ಇದೆ. ಅರ್ಧ ಉತ್ತರ ನೆಲದ ಮೇಲೆ ನಿಂತಿದೆ, ಅದರ ಹೆಸರು ಹುಡೇವು. ಇನ್ನರ್ಧ ನೆಲದ ಕೆಳಗೆ ಹುದುಗಿದೆ, ಅದು ಹಗೇವು. ಎರಡನ್ನೂ ಅರಿಯಬೇಕಾದರೆ ಮೊದಲು ಅರಸನ ಕೋಟೆಯನ್ನೇ ನೋಡಬೇಕು.

ನದಿಯೇ ನಾಲ್ಕನೆಯ ಗೋಡೆ

ಬಹಮನಿ ರಾಜ್ಯ ಸ್ಥಾಪನೆಯಾದದ್ದು 1347ರಲ್ಲಿ. ಕಲಬುರಗಿ ಅದರ ರಾಜಧಾನಿ. ಈ ವಂಶದ ಫಿರೋಜ್ ಷಾ 1397ರಿಂದ 1422ರವರೆಗೆ ಆಳಿದ. ಹಲವು ಭಾಷೆಗಳನ್ನು ಬಲ್ಲವನೆಂದೂ ಖಗೋಳಶಾಸ್ತ್ರದಲ್ಲಿ ಆಸಕ್ತನೆಂದೂ ಹೆಸರಾಗಿದ್ದ ಈ ಸುಲ್ತಾನ 1400ರ ಆಸುಪಾಸಿನಲ್ಲಿ ಭೀಮೆಯ ದಂಡೆಯಲ್ಲಿ ತನ್ನದೇ ಹೆಸರಿನ ನಗರವನ್ನು ಕಟ್ಟಿಸಿದ. ವಿಜಾಪುರದ ಆಸ್ಥಾನದಲ್ಲಿದ್ದು, 17ನೇ ಶತಮಾನದ ಆರಂಭದಲ್ಲಿ ದಖ್ಖನಿನ ಇತಿಹಾಸ ಬರೆದ ಫೆರಿಷ್ತಾ ಈ ನಗರವನ್ನು ಪ್ರಸ್ತಾಪಿಸಿದ್ದಾನೆ. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು 1992ರಲ್ಲಿ ಇದೊಂದರ ಮೇಲೆಯೇ ಪುಸ್ತಕ ಪ್ರಕಟಿಸಿದ ನಂತರ ಫಿರೋಜಾಬಾದ್ ಹೊರಗಿನ ಜಗತ್ತಿಗೂ ಪರಿಚಯವಾಯಿತು.

ನಗರದ ವಿನ್ಯಾಸ ಸರಳವಾದದ್ದು. ಹೆಚ್ಚು ಕಡಿಮೆ ಚೌಕಾಕಾರದ ಜಾಗ. ಒಂದೊಂದು ಬದಿ ಸುಮಾರು ಒಂದು ಕಿಲೋಮೀಟರ್. ಉತ್ತರ, ಪೂರ್ವ, ದಕ್ಷಿಣಕ್ಕೆ ಕೊತ್ತಲಗಳಿರುವ ಕಲ್ಲಿನ ಗೋಡೆ. ಪಶ್ಚಿಮಕ್ಕೆ ಬಳುಕಿ ಹರಿಯುವ ಭೀಮೆಯೇ ಕಾವಲು. ನಡುವೆ ವಿಶಾಲ ಅಂಗಳದ ಜಾಮಿ ಮಸೀದಿ, ಅದರ ಹಿಂದೆ ನದಿಯ ಕಡೆಗೆ ಅರಮನೆಯ ಆವರಣ. ಗುಮ್ಮಟದ ಚಾವಣಿಯ ಸ್ನಾನಗೃಹಗಳೂ ಇಲ್ಲಿವೆ. ದಖ್ಖನಿನಲ್ಲಿ ಉಳಿದಿರುವ ಇಂಥ ಹಮಾಮುಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಕಟ್ಟಡಗಳ ಶೈಲಿಯಲ್ಲಿ ಇರಾನ್ ಮತ್ತು ಮಧ್ಯ ಏಷ್ಯಾದ ಛಾಯೆಯನ್ನು ವಿದ್ವಾಂಸರು ಗುರುತಿಸಿದ್ದಾರೆ.

ರಾಜಧಾನಿಗೆ ಇಷ್ಟು ಹತ್ತಿರ ಇನ್ನೊಂದು ನಗರ ಏಕೆ ಬೇಕಾಯಿತು? ಬಹಮನಿಗಳಿಗೂ ವಿಜಯನಗರಕ್ಕೂ ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ದೋಆಬಿನ ಸಲುವಾಗಿ ಮೇಲಿಂದ ಮೇಲೆ ಯುದ್ಧ ನಡೆಯುತ್ತಿತ್ತು. ದಂಡು ದಕ್ಷಿಣಕ್ಕೆ ಹೊರಡಬೇಕಾದರೆ ಮೊದಲು ದಾಟಬೇಕಾದ ಹೊಳೆ ಭೀಮೆ. ಸೈನ್ಯ ನೆರೆಯಲು, ಕುದುರೆಗಳಿಗೆ ನೀರು ಮೇವು ಸಿಗಲು, ಅರಸನ ಬಿಡಾರಕ್ಕೂ ಬೀಡಿಗೂ ಒಪ್ಪುವಂಥ ಜಾಗ ಇದಾಗಿತ್ತು. ಅರ್ಧ ಅರಮನೆ, ಅರ್ಧ ದಂಡಿನ ಪಾಳೆಯ ಎಂದರೆ ಸರಿಯಾದೀತು.

ಈ ನಗರದ ಆಯುಷ್ಯ ಮಾತ್ರ ಚಿಕ್ಕದು. 1422ರಲ್ಲಿ ಫಿರೋಜ್ ಷಾ ಅಧಿಕಾರ ಕಳೆದುಕೊಂಡ. ತಮ್ಮ ಅಹಮದ್ ಷಾ ಪಟ್ಟಕ್ಕೆ ಬಂದ. ಆ ದಶಕದಲ್ಲೇ ಹೊಸ ಅರಸ ರಾಜಧಾನಿಯನ್ನು ಬೀದರಿಗೆ ಒಯ್ದ. ಯಾರೂ ಮುತ್ತಿಗೆ ಹಾಕಿ ಕೆಡವದೆಯೇ ಫಿರೋಜಾಬಾದ್ ಬರಿದಾಯಿತು. ಅರಸ ಹೋದ ಮೇಲೆ ಗೋಡೆಗೆ ಕೆಲಸ ಉಳಿಯಲಿಲ್ಲ. ಉಳಿದದ್ದು ಮಣ್ಣು, ಅದನ್ನು ಉಳುವವರು.

ಊರಿನ ಕೋಟೆ

ಉಳುವವರಿಗೆ ಯುದ್ಧ ಮಾತ್ರ ತಪ್ಪಲಿಲ್ಲ. ಬಹಮನಿಗಳ ನಂತರ ಆದಿಲಶಾಹಿ, ಆಮೇಲೆ ಮೊಗಲರು, ಮರಾಠರು, ನಿಜಾಮರು. ಒಬ್ಬರ ದಂಡು ಹೋದ ಬೆನ್ನಿಗೆ ಇನ್ನೊಬ್ಬರದು. 19ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ, ಬ್ರಿಟಿಷರು 1817–18ರಲ್ಲಿ ಹತ್ತಿಕ್ಕುವವರೆಗೆ, ಪಿಂಡಾರಿಗಳೆಂಬ ಕುದುರೆ ಸವಾರ ದರೋಡೆಕಾರರ ಕಾಟವೂ ದಖ್ಖನಿನಲ್ಲಿ ಹೆಚ್ಚಿತ್ತು. ಅವರಿಗೆ ರಾಜ್ಯ ಬೇಕಾಗಿರಲಿಲ್ಲ. ಕಾಳು, ಒಡವೆ, ದನ ಬೇಕಾಗಿತ್ತು. ಬಂದಷ್ಟೇ ಬೇಗ ದೋಚಿಕೊಂಡು ಹೋಗುವುದು ಅವರ ರೀತಿ.

ಈ ಸೀಮೆ ಬಯಲು. ಅಡಗಲು ಬೆಟ್ಟವಿಲ್ಲ, ಕಾಡಿಲ್ಲ. ಆದ್ದರಿಂದ ಊರವರು ಬೆಟ್ಟವನ್ನೇ ಕಟ್ಟಿಕೊಂಡರು ಎನ್ನಬಹುದು. ಉತ್ತರ ಕರ್ನಾಟಕದ ಹಲವು ಹಳ್ಳಿಗಳ ನಡುವೆ ಇಂದಿಗೂ ಕಾಣುವ ಎತ್ತರದ ದುಂಡು ಕಟ್ಟಡವೇ ಹುಡೇವು. ಕೆಲವೆಡೆ ಹುಡೆ ಎಂದೂ ಅನ್ನುತ್ತಾರೆ. ಹಳೆಯ ಕನ್ನಡದಲ್ಲಿ ಹುಡೆ ಎಂದರೆ ಕೊತ್ತಲ. ಅರಸನ ಕೋಟೆಯ ಗೋಡೆಯಲ್ಲಿ ಹತ್ತಿಪ್ಪತ್ತು ಕೊತ್ತಲಗಳಿದ್ದರೆ, ಹಳ್ಳಿಗೆ ಒಂದೇ ಕೊತ್ತಲ. ಗೋಡೆಯಿಲ್ಲದ ಕೋಟೆ ಅದು.

ಹೊರಗೆ ಕಲ್ಲು, ಒಳಗೆ ಮಣ್ಣು ತುಂಬಿ ಗಟ್ಟಿಮಾಡಿದ ಹುಡೇವಿನ ಬುಡ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಹತ್ತಲು ಇಕ್ಕಟ್ಟಾದ ಮೆಟ್ಟಿಲು. ತುದಿಯಲ್ಲಿ ಎದೆಮಟ್ಟದ ಗೋಡೆ, ಅದರಲ್ಲಿ ಬಂದೂಕಿನ ನಳಿಗೆ ಹೊರಚಾಚುವಷ್ಟು ಕಿಂಡಿ. ಅಲ್ಲಿ ನಿಂತರೆ ಹರದಾರಿ ದೂರದವರೆಗೆ ಎರೆಭೂಮಿ ಕಣ್ಣಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಕುದುರೆಗಳು ಬರುತ್ತಿದ್ದರೆ ಸವಾರನಿಗಿಂತ ಮೊದಲು ಧೂಳು ಕಾಣುತ್ತದೆ. ಕಾವಲಿಗೆ ನಿಂತ ತಳವಾರನಿಗೆ ಬೇಕಾದದ್ದು ಅಷ್ಟೇ. ಅವನು ಸದ್ದು ಮಾಡಿದರೆ ಹೊಲದಲ್ಲಿದ್ದವರು ದನಕರು ಹೊಡೆದುಕೊಂಡು ಊರು ಸೇರುತ್ತಿದ್ದರು. ಅಗಸಿಯ ಬಾಗಿಲು ಮುಚ್ಚುತ್ತಿತ್ತು.

ಅಗಸಿ ಎಂದರೆ ಊರ ಹೆಬ್ಬಾಗಿಲು. ಇಂದು ಅದು ಹಲವು ಊರುಗಳಲ್ಲಿ ಹಿರಿಯರು ಕುಳಿತು ಹರಟುವ ಕಟ್ಟೆಯ ಹೆಸರಾಗಿ ಮಾತ್ರ ಉಳಿದಿದೆ. ಆದರೆ ಅಗಸಿ, ಒತ್ತಾಗಿ ಕಟ್ಟಿದ ಮಾಳಿಗೆ ಮನೆಗಳ ಹಿಂಗೋಡೆ, ಗೌಡರ ವಾಡೆ, ನಡುವೆ ಹುಡೇವು ಇವೆಲ್ಲ ಒಂದೇ ಏರ್ಪಾಡಿನ ಭಾಗಗಳು. ಹಳ್ಳಿಯ ಓಣಿಗಳು ಏಕೆ ಅಷ್ಟು ಸೊಟ್ಟ, ಏಕೆ ಅಷ್ಟು ಇಕ್ಕಟ್ಟು ಎಂಬುದಕ್ಕೂ ಉತ್ತರ ಭಾಗಶಃ ಇಲ್ಲೇ ಇದೆ. ಓಡುವ ಕುದುರೆ ಅಲ್ಲಿ ಸಲೀಸಾಗಿ ತಿರುಗದು.

ಆದರೂ ಹುಡೇವಿಗೆ ಒಂದು ಮಿತಿಯಿತ್ತು. ಅದು ಜೀವ ಉಳಿಸಬಲ್ಲದು, ಅದೂ ಒಂದೆರಡು ದಿನ. ತೋಪು ತಂದ ದಂಡಿನೆದುರು ಅದು ನಿಲ್ಲುವಂಥದಲ್ಲ. ದಂಡು ಹೋದ ಮೇಲೆ ಊರು ಉಣ್ಣಬೇಕಲ್ಲ? ಕಾಳು ಉಳಿಯದಿದ್ದರೆ ಉಳಿದ ಜೀವಕ್ಕೆ ಬೆಲೆಯೇನು? ಈ ಪ್ರಶ್ನೆಗೆ ಹಳ್ಳಿ ಕಂಡುಕೊಂಡ ಉತ್ತರವೇ ಹಗೇವು.

ನೆಲದೊಳಗಿನ ಕಣಜ

ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಗಡಿಯಾಚೆಯ ಮರಾಠಿಯಲ್ಲಿ ಇದನ್ನೇ ಪೇವ ಎನ್ನುತ್ತಾರೆ. ಮೇಲಿನಿಂದ ನೋಡಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಒಳಗೆ ಇಳಿದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಆಳ ಹತ್ತರಿಂದ ಇಪ್ಪತ್ತು ಅಡಿ. ಸಣ್ಣ ಹಗೇವಿಗೆ ಇಪ್ಪತ್ತು ಮೂವತ್ತು ಚೀಲ ಜೋಳ ಹಿಡಿದರೆ, ದೊಡ್ಡದಕ್ಕೆ ನೂರು ಚೀಲಕ್ಕೂ ಮೇಲೆ ಹಿಡಿಯುತ್ತಿತ್ತು.

ಹಗೇವನ್ನು ಎಲ್ಲೆಂದರಲ್ಲಿ ತೋಡುವಂತಿಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ನೀರು ನಿಲ್ಲದ ದಿಬ್ಬ, ಎರೆಯ ಕೆಳಗಿನ ಗಟ್ಟಿ ಗರಸು ಸಿಗುವ ಜಾಗ ಬೇಕು. ನದಿ ದಂಡೆಯ ಊರುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು. ಭೀಮೆ ಒಮ್ಮೆ ಉಕ್ಕಿದರೆ ಕಾಳಿನ ಜೊತೆಗೆ ವರ್ಷದ ಬದುಕೂ ಕೊಳೆತು ಹೋಗುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದ ಪ್ರವಾಹವನ್ನು ಕಂಡವರಿಗೆ ಈ ಎಚ್ಚರದ ಅರ್ಥ ಬೇಗ ತಿಳಿಯುತ್ತದೆ.

ತೋಡಿದ ಗುಂಡಿಯಲ್ಲಿ ಬೆಂಕಿ ಹಾಕಿ ಗೋಡೆಯ ಪಸೆ ಆರಿಸುತ್ತಿದ್ದರು. ಮಣ್ಣು ಸಗಣಿ ಬಳಿದು ಒಣಗಿಸಿ, ತಳಕ್ಕೂ ಬದಿಗೂ ಜೋಳದ ಕಣಿಕೆ, ಹೊಟ್ಟು, ಬೇವಿನ ಸೊಪ್ಪನ್ನು ದಪ್ಪವಾಗಿ ಹಾಸಿ, ನಡುವೆ ಚೆನ್ನಾಗಿ ಒಣಗಿದ ಜೋಳ ಸುರಿಯುತ್ತಿದ್ದರು. ಬಾಯಿಯವರೆಗೆ ತುಂಬಿದ ಮೇಲೆ ಮತ್ತೆ ಹೊಟ್ಟು, ಅದರ ಮೇಲೆ ಹಾಸುಗಲ್ಲು, ಕಲ್ಲಿನ ಸುತ್ತ ಕಲಸಿದ ಮಣ್ಣಿನ ಮೆತ್ತನೆ, ಎಲ್ಲದರ ಮೇಲೆ ಒಣಮಣ್ಣು. ಕೆಲವು ಹಗೇವು ಮನೆಯ ಪಡಸಾಲೆಯಲ್ಲಿ, ಕೆಲವು ವಾಡೆಯ ಅಂಗಳದಲ್ಲಿ, ಇನ್ನು ಕೆಲವು ಊರ ಹೊರಗಿನ ದಿಬ್ಬದಲ್ಲಿ. ಮೇಲೆ ತಿಪ್ಪೆ ಹಾಕಿದರೆ ಅಥವಾ ದನ ಕಟ್ಟಿದರೆ ಅಪರಿಚಿತನ ಕಣ್ಣಿಗೆ ಅಲ್ಲೇನೂ ಇಲ್ಲ.

ಇದರ ಹಿಂದಿನ ವಿಜ್ಞಾನ ಸರಳ. ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಕಾಳಿನೊಳಗಿನ ಹುಳವೂ ಉಸಿರಾಡುತ್ತದೆ. ಗಾಳಿಯಾಡದಂತೆ ಮುಚ್ಚಿದ ಗುಂಡಿಯಲ್ಲಿ ಇದ್ದಬದ್ದ ಆಮ್ಲಜನಕ ಕೆಲವೇ ದಿನಗಳಲ್ಲಿ ಇಳಿದು ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ನೆಲದಾಳದಲ್ಲಿ ಬೇಸಿಗೆ ಚಳಿಗಾಲಗಳ ಏರಿಳಿತವೂ ಕಡಿಮೆ. ಇಂದು ಗಾಳಿ ತೂರದ ಪ್ಲಾಸ್ಟಿಕ್ ಚೀಲಗಳಲ್ಲಿ ಔಷಧವಿಲ್ಲದೆ ಕಾಳು ಕಾಯ್ದಿಡುವ ವಿಧಾನ ಬಳಕೆಗೆ ಬಂದಿದೆ. ಅದರ ತತ್ತ್ವವೂ ಇದೇ. ಒಳ್ಳೆಯ ಹಗೇವಿನಲ್ಲಿ ಜೋಳ ಹಲವು ವರ್ಷ ಕೆಡದೆ ಇರುತ್ತಿತ್ತು.

ದೋಷಗಳೂ ಇದ್ದವು. ಗೋಡೆಗೆ ತಾಗಿದ ಕಾಳು ಬಣ್ಣಗೆಡುತ್ತಿತ್ತು. ಹಗೇದ ಜೋಳದ ರೊಟ್ಟಿಗೆ ಒಂದು ಬಗೆಯ ಕಮಟು ವಾಸನೆ. ಬಹುಕಾಲ ಹಗೇವಿನಲ್ಲಿದ್ದ ಕಾಳು ಮೊಳೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಬೀಜದ ಜೋಳವನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಬೇರೆಯೇ ಇಡುವುದು ರೂಢಿ. ಒಂದು ಹಗೇವನ್ನು ಒಮ್ಮೆ ತೆರೆದರೆ ಪೂರ್ತಿ ಬರಿದು ಮಾಡಲೇಬೇಕು. ಅದರಿಂದಾಗಿ ಹಗೇವು ತೆರೆಯುವುದೆಂದರೆ ಮನೆಯೊಂದರ ಕೆಲಸವಾಗದೆ ಓಣಿಯ ಕೆಲಸವಾಗುತ್ತಿತ್ತು. ಕಾಳು ಅಳೆದು ಕೊಡುವುದು, ಕಡ ಕೊಡುವುದು, ಹಳೆಯ ಕಡ ತೀರಿಸುವುದು ಎಲ್ಲವೂ ಆ ಹೊತ್ತಿಗೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಹಗೇವಿನ ಗಾಳಿಯದು. ಹುಳವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕೆಂಬುದು ಹಿರಿಯರ ಕಟ್ಟಳೆ. ಅವಸರ ಮಾಡಿದವನು ಒಳಗೆ ಕುಸಿದರೆ, ಅವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಿದ್ದ. ಈ ದೀಪದ ಪರೀಕ್ಷೆಯೂ ಪೂರ್ತಿ ನಂಬುವಂಥದಲ್ಲ ಎಂಬುದು ಈಗ ತಿಳಿದಿದೆ. ಹಳೆಯ ಹಗೇವಿಗೆ ಕುತೂಹಲದಿಂದ ಇಳಿಯುವುದು ಇಂದಿಗೂ ಜೀವಕ್ಕೆ ಅಪಾಯ.

ಕಾಳಿಗಾಗಿ ಕಾಳಗ

ಯುದ್ಧದ ಕತೆಗಳಲ್ಲಿ ಕತ್ತಿ, ಆನೆ, ತೋಪುಗಳ ಸದ್ದೇ ಹೆಚ್ಚು. ಆದರೆ ದಖ್ಖನಿನ ಹಲವು ಯುದ್ಧಗಳ ತೀರ್ಮಾನ ಆದದ್ದು ಮೇವು, ನೀರು, ಕಾಳಿನಿಂದ. ಮೊಗಲ್ ಸೇನಾನಿ ಮಿರ್ಜಾ ರಾಜಾ ಜಯಸಿಂಗ್ 1665ರ ಕೊನೆಯಲ್ಲಿ ಭೀಮಾ ಸೀಮೆಯ ಮಂಗಳವೇಢೆಯ ದಾರಿಯಾಗಿ ವಿಜಾಪುರದ ಮೇಲೆ ಏರಿ ಬಂದ. ನಗರಕ್ಕೆ ಹತ್ತು ಹನ್ನೆರಡು ಮೈಲಿಯಷ್ಟು ಸಮೀಪಕ್ಕೂ ತಲುಪಿದ. ಆದರೆ ಎರಡನೇ ಅಲಿ ಆದಿಲ್ ಷಾ ಕೋಟೆಯ ಸುತ್ತಲ ಕೆಲವು ಮೈಲಿ ಪ್ರದೇಶದಲ್ಲಿ ಬಾವಿಗಳನ್ನು ಹೂಳಿಸಿ, ಮರಗಳನ್ನು ಕಡಿಸಿ, ಏನೂ ಸಿಗದಂತೆ ಮಾಡಿದ್ದ. ಮುತ್ತಿಗೆಯನ್ನೇ ಹಾಕಲಾಗದೆ 1666ರ ಜನವರಿಯಲ್ಲಿ ಮೊಗಲ್ ದಂಡು ಹಿಂದಿರುಗಿತು.

ಅರಸನ ಲೆಕ್ಕದಲ್ಲಿ ಇದು ಗೆಲುವು. ಆ ಕೆಲವು ಮೈಲಿಗಳಲ್ಲಿದ್ದ ಹಳ್ಳಿಗಳ ಲೆಕ್ಕವೇ ಬೇರೆ. ಅವರ ಬಾವಿ ಹೂಳಿಸಿದವನು ಹಗೆಯಲ್ಲ, ಅವರದೇ ದೊರೆ. ಮುಂದೆ 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನಿಗೆ ವಿಜಾಪುರ ಶರಣಾದಾಗಲೂ ಗೋಡೆ ಒಡೆದದ್ದಕ್ಕಿಂತ ಒಳಗಿನವರ ಹಸಿವಿನ ಪಾಲು ಸಣ್ಣದಾಗಿರಲಿಲ್ಲ. ಅಷ್ಟು ದೊಡ್ಡ ಮೊಗಲ್ ಸೈನ್ಯ ದಖ್ಖನಿನಲ್ಲಿ ಬದುಕಿದ್ದಾದರೂ ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿಕೊಂಡು ಹಿಂದೆ ಬರುತ್ತಿದ್ದ ಲಂಬಾಣಿ ವ್ಯಾಪಾರಿಗಳ ಬಲದಿಂದ. ಅವರಲ್ಲಿ ಅನೇಕರು ಇಲ್ಲೇ ನಿಂತರು. ಇಂದಿನ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಆ ಇತಿಹಾಸದ ಎಳೆಯಿದೆ.

ದಂಡಿನವರಿಗೂ ದರೋಡೆಕಾರರಿಗೂ ಹಗೇವಿನ ಗುಟ್ಟು ಗೊತ್ತಿತ್ತು. ನೆಲಕ್ಕೆ ಕಬ್ಬಿಣದ ಸಲಾಕೆ ಚುಚ್ಚಿ ನೋಡುವುದು, ನೀರು ಸುರಿದು ಎಲ್ಲಿ ಬೇಗ ಇಂಗುತ್ತದೆಂದು ಗಮನಿಸುವುದು ಅವರ ಉಪಾಯ. ಅಗೆದು ಮುಚ್ಚಿದ ಮಣ್ಣು ಸಡಿಲವಾಗಿರುತ್ತದೆ, ನೀರನ್ನು ಬೇಗ ಕುಡಿಯುತ್ತದೆ. ಅದೂ ಆಗದಿದ್ದರೆ ಊರ ಗೌಡನನ್ನೋ ಕುಲಕರ್ಣಿಯನ್ನೋ ಹಿಡಿದು ಹಿಂಸಿಸುವುದು. ಗುಟ್ಟು ಬಿಟ್ಟರೆ ಜೀವ ಉಳಿಯುತ್ತಿತ್ತು, ಊರು ಹಸಿಯುತ್ತಿತ್ತು.

ಹಗೇವು ಯುದ್ಧಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಫಿರೋಜ್ ಷಾ ಪಟ್ಟಕ್ಕೆ ಬರುವ ಹೊತ್ತಿಗೆ, 1396ರ ಸುಮಾರಿನಲ್ಲಿ, ದಖ್ಖನಿನಲ್ಲಿ ಆರಂಭವಾಗಿ ಹನ್ನೆರಡು ವರ್ಷ ಕಾಡಿತೆಂದು ಹೇಳಲಾಗುವ ದುರ್ಗಾದೇವಿ ಬರದಿಂದ ಹಿಡಿದು 1876–78ರ ಮಹಾಬರದವರೆಗೆ, ಈ ಸೀಮೆಗೆ ಬರ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಹಗೇವು ತುಂಬಿದ್ದ ಮನೆ ನಿಂತಿತು, ಇಲ್ಲದ ಮನೆ ಗುಳೆ ಎದ್ದಿತು. ಹಗೇವು ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಅದು ಹೊಲವಿದ್ದವರ ಭದ್ರತೆ. ಕೂಲಿಯವರು ಬರಗಾಲದಲ್ಲಿ ಇನ್ನೊಬ್ಬರ ಹಗೇವಿನ ಬಾಯಿ ತೆರೆಯುವುದನ್ನೇ ಕಾಯಬೇಕಾಗಿತ್ತು. ಆ ಕಾಳಿನ ಕಡ ತೀರಿಸಲು ಎಷ್ಟೋ ವರ್ಷ ದುಡಿಯಬೇಕಾಗಿತ್ತು.

ಕಡಲ ಕೋಟೆಗೂ ಇದೇ ಪಾಠ

ಹೊರಗಿನ ಜಗತ್ತಿನಲ್ಲೂ ಇದಕ್ಕೆ ಜೋಡಿ ಉಂಟು. ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪದಲ್ಲಿ ವಲ್ಲೆಟ್ಟಾ ಎಂಬ ಕಡಲ ಕೋಟೆ ನಗರವಿದೆ. ಮುತ್ತಿಗೆಯ ಭಯವಿದ್ದ ಅಲ್ಲಿನ ದೊರೆಗಳು 17ನೇ ಶತಮಾನದಲ್ಲಿ ಕೋಟೆಯ ಆವರಣದಲ್ಲೇ ಬಂಡೆ ಕೊರೆಸಿ ಗೋಧಿ ತುಂಬುವ ಗುಂಡಿಗಳನ್ನು ಮಾಡಿಸಿದರು. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ, ಮೇಲೆ ದುಂಡು ಕಲ್ಲಿನ ಮುಚ್ಚಳ. ಪಕ್ಕದ ಫ್ಲೋರಿಯಾನಾದ ಮೈದಾನದಲ್ಲಿ ಸಾಲುಸಾಲಾಗಿ ಈ ಮುಚ್ಚಳಗಳು ಇಂದಿಗೂ ಕಾಣುತ್ತವೆ. ಅಲ್ಲಿನ ಬಂಡೆಯನ್ನೂ ಇಲ್ಲಿನ ಗರಸನ್ನೂ ಬಿಟ್ಟರೆ, ರಚನೆ ಹಗೇವಿನದೇ.

ಎರಡನೇ ಮಹಾಯುದ್ಧದಲ್ಲಿ, 1940ರಿಂದ 1942ರವರೆಗೆ, ಜರ್ಮನಿ ಮತ್ತು ಇಟಲಿಯ ವಿಮಾನಗಳು ಮಾಲ್ಟಾದ ಮೇಲೆ ಬಾಂಬಿನ ಮಳೆ ಸುರಿಸಿದವು. ಜನ ಬಂಡೆಯಲ್ಲಿ ಕೊರೆದ ಸುರಂಗಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು. ಆದರೆ ದ್ವೀಪ ಶರಣಾಗಬೇಕೇ ಬೇಡವೇ ಎಂಬುದು ಬಾಂಬಿನ ಮೇಲೆ ನಿಂತಿರಲಿಲ್ಲ, ಉಳಿದ ಹಿಟ್ಟು ಎಷ್ಟು ದಿನಕ್ಕೆ ಸಾಕು ಎಂಬುದರ ಮೇಲೆ ನಿಂತಿತ್ತು. 1942ರ ಆಗಸ್ಟ್‌ನಲ್ಲಿ ಸರಕಿನ ಹಡಗುಗಳಲ್ಲಿ ಕೆಲವು ಬಂದರು ತಲುಪಿದ್ದರಿಂದ ದ್ವೀಪ ಉಳಿಯಿತು. ಅಡಗುವ ಜಾಗ ಬೇರೆ, ಉಣ್ಣುವ ದಾರಿ ಬೇರೆ. ಎರಡೂ ಇದ್ದರೆ ಮಾತ್ರ ಕೋಟೆ.

ಅದೇ ಮಹಾಯುದ್ಧ ಭೀಮಾ ತೀರಕ್ಕೆ ಬಾಂಬಿನ ರೂಪದಲ್ಲಿ ಬರಲಿಲ್ಲ, ಲೆವಿಯ ರೂಪದಲ್ಲಿ ಬಂತು. ಆಗ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಯುದ್ಧಕಾಲದ ಕೊರತೆ ತುಂಬಲು ಸರ್ಕಾರ ರೈತರಿಂದ ಕಡ್ಡಾಯವಾಗಿ ಕಾಳು ಸಂಗ್ರಹಿಸತೊಡಗಿತು. ಹಿಂದೆ ದರೋಡೆಕಾರನ ಕಣ್ಣಿಗೆ ಮರೆಯಾಗಿದ್ದ ಗುಂಡಿ ಈಗ ಸರ್ಕಾರಿ ಕಣ್ಣಿಗೂ ಮರೆಯಾಗಬೇಕಾಯಿತು.

ನಳದುರ್ಗದ ಸೇತುವೆ

ಕೋಟೆ ಮತ್ತು ಹುಡೇವುಗಳ ಕಾಲ ಮುಗಿಯಿತೆಂದು ತೋರಿಸಿಕೊಟ್ಟದ್ದು 1948. ಭಾರತ ಸ್ವತಂತ್ರವಾದ ಮೇಲೂ ಹೈದರಾಬಾದ್ ಸಂಸ್ಥಾನ ಒಕ್ಕೂಟ ಸೇರಿರಲಿಲ್ಲ. ಖಾಸಿಂ ರಜ್ವಿಯ ನೇತೃತ್ವದ ರಜಾಕಾರರ ದಾಳಿ, ಸುಲಿಗೆಗಳಿಂದ ಗುಲ್ಬರ್ಗ, ಬೀದರ್, ರಾಯಚೂರು ಜಿಲ್ಲೆಗಳ ಹಳ್ಳಿಗಳು ತತ್ತರಿಸಿದ್ದವು. ಬೀದರ್ ಸೀಮೆಯ ಗೋರಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಈ ಭಾಗದ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ.

ಬಂದೂಕು ಹಿಡಿದು ಬಂದವರೆದುರು ಅಗಸಿಯಾಗಲಿ ಹುಡೇವಾಗಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಗ ಜನ ಕಂಡುಕೊಂಡ ಆಶ್ರಯ ಗಡಿ. ಆಳಂದದ ಪಶ್ಚಿಮಕ್ಕೆ ಸೊಲ್ಲಾಪುರ ಜಿಲ್ಲೆ. ಅದು ಮುಂಬಯಿ ಪ್ರಾಂತ್ಯ, ಅಂದರೆ ಭಾರತ. ಅಫಜಲಪುರದ ಹಳ್ಳಿಗಳಿಗೆ ಭೀಮೆಯೇ ಗಡಿ. ಹೊಳೆ ದಾಟಿದರೆ ವಿಜಾಪುರ ಜಿಲ್ಲೆ. ಐದು ಶತಮಾನಗಳ ಹಿಂದೆ ಒಬ್ಬ ಸುಲ್ತಾನನಿಗೆ ಗೋಡೆಯಾಗಿದ್ದ ನದಿ, ಈಗ ಗಂಟುಮೂಟೆ ಹೊತ್ತ ಸಂಸಾರಗಳು ರಾತ್ರೋರಾತ್ರಿ ದಾಟಬೇಕಾದ ಗೆರೆಯಾಯಿತು. ಗಡಿಯಾಚೆ ಹೈದರಾಬಾದ್ ವಿಮೋಚನೆಗೆ ಹೋರಾಡುತ್ತಿದ್ದವರ ಶಿಬಿರಗಳೂ ನೆಲೆಗೊಂಡವು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳನುಗ್ಗಿತು. ದಾರಿಯಲ್ಲಿ ಮೊದಲು ಸಿಕ್ಕದ್ದು ಆಳಂದಕ್ಕೆ ದೂರವಲ್ಲದ, ಈಗ ಮಹಾರಾಷ್ಟ್ರದಲ್ಲಿರುವ ನಳದುರ್ಗ. ಬೋರಿ ನದಿಗೆ ಅಡ್ಡಗಟ್ಟೆ ಕಟ್ಟಿ, ಅದರೊಳಗೇ ಜಲಮಹಲು ಮಾಡಿಸಿದ ಆದಿಲಶಾಹಿ ಕಾಲದ ಭಾರೀ ಕೋಟೆ ಅದು. ಆದರೆ ಆ ದಿನ ಸೇನೆಗೆ ಬೇಕಾಗಿದ್ದದ್ದು ಕೋಟೆಯಲ್ಲ, ಹೆದ್ದಾರಿಯ ಸೇತುವೆ. ಅದು ಒಡೆಯದಂತೆ ಕೈವಶವಾದ ಮೇಲೆ ಟ್ಯಾಂಕುಗಳು ಮುಂದೆ ಸಾಗಿದವು. ಶತಮಾನಗಳ ಕಾಲ ದಂಡುಗಳನ್ನು ತಡೆಯಲೆಂದು ನಿಂತಿದ್ದ ಕೊತ್ತಲಗಳು ಬರಿದೆ ನೋಡುತ್ತ ನಿಂತವು. ಸೆಪ್ಟೆಂಬರ್ 17ರ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ದಿನವನ್ನು ಕಲ್ಯಾಣ ಕರ್ನಾಟಕ ಈಗ ಉತ್ಸವ ದಿನವಾಗಿ ಆಚರಿಸುತ್ತದೆ.

ಅಡಗುವ ಜಾಗ ಹುಡುಕುವ ಪಾಳಿ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಯಾಚರಣೆಯ ಬೆನ್ನಿಗೆ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ಬಾಧಿತವಾದವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದ‌ರ್, ನಾಂದೇಡ್. ರಜಾಕಾರರಿಗೆ ಹೆದರಿ ಓಡಿದವರ ಕತೆ ಹಳ್ಳಿಗಳಲ್ಲಿ ಹೇಳಲ್ಪಡುತ್ತದೆ. ಆ ನಂತರ ಹೆದರಿ ಓಡಿದ ನೆರೆಮನೆಯವರ ಕತೆಯನ್ನು ದನಿ ತಗ್ಗಿಸಿ ಹೇಳುತ್ತಾರೆ. ಎರಡೂ ಒಂದೇ ವರ್ಷದ, ಎಷ್ಟೋ ಕಡೆ ಒಂದೇ ಊರಿನ ಕತೆಗಳು.

ಮರೆತ ಬಾಯಿಗಳು

ಹುಡೇವಿಗೆ ಕೆಲಸ ತಪ್ಪಿದ ಕೆಲವೇ ದಶಕಗಳಲ್ಲಿ ಹಗೇವಿಗೂ ಕೆಲಸ ತಪ್ಪಿತು. 1956ರಲ್ಲಿ ಈ ಜಿಲ್ಲೆಗಳು ಕನ್ನಡ ನಾಡಿನೊಂದಿಗೆ ಒಂದಾದವು. ಸರ್ಕಾರಿ ಉಗ್ರಾಣ, ನ್ಯಾಯಬೆಲೆ ಅಂಗಡಿ, ಕೃಷಿ ಮಾರುಕಟ್ಟೆ ಬಂದವು. 1964ರಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್ ಜೋಳದ ನಂತರ ಬಿತ್ತುವ ಬೀಜವೂ ಪೇಟೆಯಿಂದ ಬರತೊಡಗಿತು. ಎಲ್ಲಕ್ಕಿಂತ ಮುಖ್ಯವಾಗಿ, ತೊಗರಿ ಈ ಸೀಮೆಯ ಪ್ರಧಾನ ಬೆಳೆಯಾಯಿತು. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಮಾರುವುದಕ್ಕೆಂದೇ ಬೆಳೆದ ಕಾಳನ್ನು ವರ್ಷಗಟ್ಟಲೆ ಹೂತಿಡುವ ಅಗತ್ಯವಿಲ್ಲ. ಮನೆಯ ಹಿರಿಯರು ಕಾಲವಾದಂತೆ ಯಾವ ಜಾಗದಲ್ಲಿ ಹಗೇವು ಇತ್ತೆಂಬ ತಿಳಿವೂ ಹೋಗತೊಡಗಿತು.

ಈ ಮರೆವಿಗೆ ಬೆಲೆ ತೆರಬೇಕಾಗುತ್ತದೆ. ಗದಗ ಜಿಲ್ಲೆಯ ನರಗುಂದ ಬೆಟ್ಟದ ಕೋಟೆಯ ಬುಡದಲ್ಲಿರುವ ಹಳೆಯ ಪಟ್ಟಣ. ಅಲ್ಲಿ ಈಚಿನ ವರ್ಷಗಳಲ್ಲಿ ಮಳೆಗಾಲ ಬಂತೆಂದರೆ ಮನೆಯ ಪಡಸಾಲೆ, ಅಂಗಳ, ರಸ್ತೆ ಇದ್ದಕ್ಕಿದ್ದಂತೆ ಕುಸಿದ ಘಟನೆಗಳು ಮೇಲಿಂದ ಮೇಲೆ ವರದಿಯಾದವು. ಮನೆಗಳ ಕೆಳಗಿದ್ದ ಹಳೆಯ ಹಗೇವುಗಳೇ ಇದಕ್ಕೆ ಮುಖ್ಯ ಕಾರಣವೆಂದು ಹೇಳಲಾಯಿತು. ನೀರು ಇಂಗಿ ನೆಲ ಮೆತ್ತಗಾದಾಗ, ತುಂಬದೆ ಬಿಟ್ಟ ಗುಂಡಿಯ ಚಾವಣಿ ಬೀಳುತ್ತದೆ. ಒಂದು ಕಾಲಕ್ಕೆ ಊರನ್ನು ಉಳಿಸಿದ ಗುಟ್ಟು, ಯಾರಿಗೂ ಗೊತ್ತಿಲ್ಲದಷ್ಟು ಗುಟ್ಟಾದಾಗ ಊರಿಗೇ ಕುಣಿಯಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಊರುಗಳಿಗೆ ಇದೊಂದು ಎಚ್ಚರಿಕೆ. ಕಲಬುರಗಿಯ ಬಹಮನಿ ಕೋಟೆ, ಜಾಮಿ ಮಸೀದಿ, ಗೋರಿಗಳು ದಖ್ಖನಿನ ಇತರ ಸ್ಮಾರಕಗಳ ಜೊತೆಗೆ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿವೆ. ಅರಸರು ಕಟ್ಟಿಸಿದ್ದಕ್ಕೆ ಪಟ್ಟಿಯಿದೆ, ಅಳತೆಯಿದೆ, ನಕ್ಷೆಯಿದೆ. ಊರವರು ಕಟ್ಟಿದ ಹುಡೇವು ಜರಿದರೆ ಅದರ ಕಲ್ಲು ಯಾರದೋ ಮನೆಯ ಪಾಯಕ್ಕೆ ಹೋಗುತ್ತದೆ. ಹಗೇವಿಗಂತೂ ಕಲ್ಲೂ ಇಲ್ಲ, ಇರುವುದು ನೆನಪು ಮಾತ್ರ.

ನೆನಪನ್ನು ಕಾಗದಕ್ಕಿಳಿಸಲು ದೊಡ್ಡ ಖರ್ಚು ಬೇಕಿಲ್ಲ. ಪ್ರತಿ ಊರಿನಲ್ಲೂ ಎಪ್ಪತ್ತು ಎಂಬತ್ತು ದಾಟಿದ ಕೆಲವರು ಇನ್ನೂ ಇದ್ದಾರೆ. ಯಾವ ಓಣಿಯಲ್ಲಿ, ಯಾರ ಅಂಗಳದಲ್ಲಿ, ಯಾವ ದಿಬ್ಬದಲ್ಲಿ ಹಗೇವು ಇತ್ತೆಂಬುದನ್ನು ಅವರು ಬೆರಳು ಮಾಡಿ ತೋರಿಸಬಲ್ಲರು. ಶಾಲೆಯ ಮಕ್ಕಳು ಅವರ ಜೊತೆ ಒಂದು ದಿನ ಸುತ್ತಿ ಊರ ನಕ್ಷೆಯ ಮೇಲೆ ಗುರುತು ಹಾಕಿದರೆ, ಗ್ರಾಮ ಪಂಚಾಯಿತಿ ಆ ನಕ್ಷೆಯನ್ನು ಇಟ್ಟುಕೊಂಡು ಹೊಸ ಮನೆಗೆ, ಹೊಸ ರಸ್ತೆಗೆ ಮೊದಲು ತೆಗೆದು ನೋಡಿದರೆ, ಇತಿಹಾಸವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಬೇಡವಾದ ಹಗೇವನ್ನು ಗಟ್ಟಿಯಾಗಿ ತುಂಬಿಸಬಹುದು. ಒಂದೆರಡನ್ನು ಬಾಯಿಗೆ ಜಾಲರಿ ಹಾಕಿ ನೋಡುವವರಿಗಾಗಿ ಉಳಿಸಬಹುದು.

ಫಿರೋಜಾಬಾದಿಗೆ ಹೋಗುವವರು ಸಂಜೆಯ ಬೆಳಕಿನಲ್ಲಿ ಕೋಟೆ ನೋಡಿ, ನದಿ ನೋಡಿ ಹಿಂದಿರುಗುವುದು ರೂಢಿ. ದಾರಿಯಲ್ಲಿ ಯಾವುದಾದರೂ ಹಳೆಯ ಊರಿನ ಅಗಸಿಯ ಬಳಿ ಇಳಿದು, ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಒಂದು ಮಾತು ಕೇಳಬಹುದು: ಇಲ್ಲಿ ಹಗೇವು ಎಲ್ಲಿತ್ತು? ಅವರು ಕೂತ ಜಾಗದಿಂದ ಎದ್ದು, ಕಾಲ ಕೆಳಗಿನ ಹಾಸುಗಲ್ಲನ್ನೇ ತೋರಿಸಿದರೆ ಆಶ್ಚರ್ಯಪಡಬೇಕಿಲ್ಲ.